ಲಾರೆನ್ಸ್ ಸೇದದ ಸಿಗರೇಟು

ಸಿಲ್ವಿಯಾ ಅಕ್ಕಾ, ಅಂದು ಫ್ಯಾಕ್ಟರಿಯಲ್ಲಿ ಬೆಂಕಿ ಹತ್ತಿದ್ದು ನಿಮ್ಮ ಗಂಡನ ಸಿಗರೇಟಿನಿಂದಲ್ಲ, ನನ್ನಿಂದ. ಲಾರೆನ್ಸ್ ಸೇದಿರಲೇ ಇಲ್ಲ. ಇದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ ಎಂದು ಬರೆಯಹೊರಟೆ—ಅದೂ ಸುಳ್ಳು. ಸುಮ್ಮನಿರಲಿಲ್ಲ, ಬಾಯಿ ಬಿಟ್ಟು ಸುಳ್ಳು ಹೇಳಿದೆ.

ನಾವಿಬ್ಬರೂ ಮಸ್ಕತ್ತಿನ ಹತ್ತಿರ ಬರ್ಕಾದಾಚೆಯ ಆ ಫ್ಯಾಕ್ಟರಿಯ ಬಾಯ್ಲರ್ ಮನೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದುದು ನಿಮಗೆ ಗೊತ್ತೇ ಇದೆ. ಕಲ್ಲಿದ್ದಲಿನ ಜೊತೆಗೆ ಒಡೆದ ಪೆಟ್ಟಿಗೆ, ಮುರಿದ ಪ್ಯಾಲೆಟ್‌ಗಳ ಮರದ ಚೂರನ್ನೂ ಸುಡುವುದು ಆಗಷ್ಟೇ ಶುರುವಾಗಿತ್ತು. ಧೂಳೇಳದಿರಲೆಂದು ಆ ಚೂರಿಗೆ ನೀರು ಚಿಮುಕಿಸುತ್ತಿದ್ದೆವು. ಒದ್ದೆ ಚೂರನ್ನು ಕಲ್ಲಿದ್ದಲಿಗೆ ಬೆರೆಸಿ ಬಂಕರಿನಲ್ಲಿ, ಆ ಉರುವಲಿನ ತೊಟ್ಟಿಯಲ್ಲಿ, ತುಂಬಿ ಇಟ್ಟುಬಿಡಬಾರದು, ಉರಿಸುವ ಹೊತ್ತಿಗಷ್ಟೇ ಬೆರೆಸಬೇಕು. ಇಟ್ಟರೆ ಒಳಗೊಳಗೇ ಕಾವು ಏರಿ ತಾನಾಗಿ ಹೊತ್ತಿಕೊಳ್ಳುತ್ತದೆ. ಹೊಸಬರಿಗೆ ಇದನ್ನು ಕಲಿಸುತ್ತಿದ್ದವನೇ ನಾನು!

ಆ ವಾರ ಹಬ್ಬದ ರಜೆ, ಮಸ್ಕತ್ತಿನಲ್ಲಿ ನಮ್ಮವರ ಯಕ್ಷಗಾನ. ನನಗೂ ವೇಷವಿತ್ತು—ದೊಡ್ಡದೇನಲ್ಲ, ನಡುವೆ ಬಂದು ಎರಡು ಮಾತಾಡಿ ಸಾಯುವ ರಾಕ್ಷಸ. ಅಷ್ಟಕ್ಕೇ ಎಷ್ಟು ಹಾರಾಡಿದ್ದೆ! ಬಂಕರು ತುಂಬಿದ್ದರೆ ರಜೆಯಲ್ಲಿ ಯಾರೂ ನನ್ನನ್ನು ಕರೆಯುವುದಿಲ್ಲ ಎಂದುಕೊಂಡು, ಎಲ್ಲವನ್ನೂ ಬೆರೆಸಿ, ಕಂಠಮಟ್ಟ ತುಂಬಿಸಿ ಓಡಿದೆ. ರಜೆಯಲ್ಲಿ ಬಾಯ್ಲರು ಅರ್ಧ ಉರಿಯಲ್ಲಿ ನಡೆಯಿತು. ಬಂಕರಿನೊಳಗಿನದು ಆ ಬಿರುಬಿಸಿಲಿನಲ್ಲಿ ಕದಲದೆ ಕುಳಿತಿತ್ತು. ನಾನು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿದ್ದ ಹೊತ್ತಿಗೆ ಪಾಳಿಯಲ್ಲಿದ್ದ ಲಾರೆನ್ಸಿಗೆ ಹೊಗೆಯ ವಾಸನೆ ಬಂದಿದೆ, ಏನೆಂದು ನೋಡಲು ಬಂಕರಿನ ಬಾಗಿಲು ತೆರೆದಿದ್ದಾನೆ. ಗಾಳಿ ಸಿಕ್ಕಿದ್ದೇ ಬೆಂಕಿ ಹೊರಗೆ ಹಾರಿತು. ಅವನ ಬಲಗೈ—ಆ ಕೈ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಮ್ಯಾನೇಜರ ಕೋಣೆಯಲ್ಲಿ ಅವನು ಕೈಗೆ ಬ್ಯಾಂಡೇಜು ಕಟ್ಟಿಸಿಕೊಂಡು ನಿಂತಿದ್ದ. ಸಿಗರೇಟಿನಿಂದಲೇ ಆಗಿರಬೇಕು ಎಂದು ಮ್ಯಾನೇಜರು ಆಗಲೇ ತೀರ್ಮಾನಿಸಿದ್ದರು. ಲಾರೆನ್ಸ್ ನನ್ನ ಕಡೆ ತಿರುಗಿ ತುಳುವಿನಲ್ಲಿ ಮಾತಾಡಿದ—ಆ ಕೋಣೆಯಲ್ಲಿ ನನಗೊಬ್ಬನಿಗೇ ತಿಳಿಯುವ ಭಾಷೆಯಲ್ಲಿ.

"ಮಗಳು ಹುಟ್ಟಿದ ಮೇಲೆ ನಾನು ಸಿಗರೇಟು ಮುಟ್ಲಿಲ್ಲ ಅಂತ ನಿಂಗೆ ಗೊತ್ತುಂಟಲ್ಲ ಮಾರಾಯ. ಒಂದು ಮಾತು ಹೇಳು."

ನಾನು ಮ್ಯಾನೇಜರ ಕಡೆ ನೋಡಿ ಹಿಂದಿಯಲ್ಲಿ ಹೇಳಿದೆ: "ಸೇದ್ತಾನೆ ಸಾರ್. ಬಂಕರಿನ ಹತ್ರ ಸೇದುವುದನ್ನು ನಾನೇ ನೋಡಿದ್ದೇನೆ."

"ಖಲಾಸ್" ಎಂದರು ಅವರು. ಗಾಯ ಮಾಯುವ ಮೊದಲೇ ಅವನನ್ನು ಊರಿಗೆ ಕಳಿಸಿದರು. ನನ್ನ ಕೆಲಸ ಹೋದರೆ ವೀಸಾ, ಮಕ್ಕಳ ಶಾಲೆ—ಬೇಡ, ಅದನ್ನೆಲ್ಲ ಬರೆಯುವುದಿಲ್ಲ. ಅವನಿಗೂ ಮಗಳಿದ್ದಳು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದ್ದು ನಾನು, ಉಂಡದ್ದು ಅವನು.

ಅವನು ಕೆಲಸ ಕಳೆದುಕೊಂಡದ್ದಷ್ಟೇ ಎಂದುಕೊಂಡು ಇಷ್ಟು ವರ್ಷ ಹೇಗೋ ನಿದ್ದೆ ಮಾಡಿದೆ. ಮೊನ್ನೆ ನಿಮ್ಮ ತಂಗಿಯ ಮಗನ ಮದುವೆಗೆ ನೀವು ಮಸ್ಕತ್ತಿಗೆ ಒಬ್ಬರೇ ಬಂದಿರಿ. ನನ್ನ ಕೈಗೆ ಕೇಕಿನ ತಟ್ಟೆ ಕೊಟ್ಟು ಹೇಳಿದಿರಿ: "ನೀವಾದ್ರೂ ಆವತ್ತು ಸತ್ಯ ಹೇಳಿದ್ರಿ ಸುಧಾಕರಣ್ಣ. ಇವರು ನನ್ನ ಹತ್ರ ಈಗ್ಲೂ ಸೇದ್ಲಿಲ್ಲ ಅಂತ್ಲೇ ಹೇಳುದು. ಇನ್ನು ಸೇದುದಿಲ್ಲ ಅಂತ ಮಗಳ ತಲೆ ಮುಟ್ಟಿ ಆಣೆ ಹಾಕಿದ ಮನುಷ್ಯ! ಆಮೇಲೆ ಇವರ ಒಂದು ಮಾತೂ ನಾನು ನಂಬಿದ್ದಿಲ್ಲ."

ನಾನು ಕೇಕು ತಿನ್ನುತ್ತಾ ಹೌದೆಂದು ತಲೆಯಾಡಿಸಿದೆ. ತಲೆಯಾಡಿಸಿದೆ ಅಕ್ಕಾ—ಅದು ಎರಡನೆಯ ಸಲದ ಸುಳ್ಳು, ಈ ಸಲ ಯಾರ ಹೆದರಿಕೆಯೂ ಇರಲಿಲ್ಲ. ಅಂದಿನಿಂದ ಕುಳಿತಲ್ಲಿ ಕೂರಲಾಗುತ್ತಿಲ್ಲ. ನಿಮ್ಮ ಅಡುಗೆಮನೆಯಲ್ಲಿ ಅವನು ಹೇಳುವ ಯಾವ ಮಾತಿಗೂ ನೀವು ಮುಖ ತಿರುಗಿಸುವುದು ಕಣ್ಣಿಗೆ ಕಟ್ಟುತ್ತದೆ.

ಮ್ಯಾನೇಜರಿಗೆ ಇಂದು ಬೆಳಿಗ್ಗೆ ಎಲ್ಲ ಹೇಳಿದೆ. ಅವರು ಏನು ಮಾಡುತ್ತಾರೋ ಮಾಡಲಿ. ಊರಿಗೆ ಟಿಕೆಟ್ ತೆಗೆದಿದ್ದೇನೆ. ಲಾರೆನ್ಸಿನ ಎದುರು ನಿಂತು ಹೇಳುವ ಕೆಲಸ ನನ್ನದು, ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನಾನು ಬರುವುದರೊಳಗೆ ಅವನು ಇನ್ನೊಮ್ಮೆ ನಿಮ್ಮೆದುರು "ನಾನು ಸೇದ್ಲಿಲ್ಲ" ಎಂದರೆ, ಅಕ್ಕಾ, ದಯವಿಟ್ಟು ನಂಬಿ.