ನಕ್ಷೆಯಲ್ಲಿ ನನ್ನ ಮನೆ ಬೇಡ

"ಎಲ್ಲಾ ತುಂಬಾ ಚೆನ್ನಾಗಿದೆ ಮಗು. ಆದರೆ ನನ್ನ ಮನೆಯ ಗುರುತು ಮಾತ್ರ ತೆಗೆದುಬಿಡು."

ಎಂಬತ್ತು ದಾಟಿದ ಮಿಸ್ ರೂತ್ ಹೀಗೆಂದಾಗ ನನ್ನ ಮಗಳು ಅನನ್ಯಾಳ ಮುಖ ಸಪ್ಪಗಾಯಿತು. ಅಮೆರಿಕದ ಆಸ್ಟಿನ್ ಹತ್ತಿರದ ನಮ್ಮ ಊರಿನ ಲೈಬ್ರರಿಯಲ್ಲಿ ಅಂದು ಹೈಸ್ಕೂಲ್ ಮಕ್ಕಳ ಪ್ರದರ್ಶನವಿತ್ತು. ಊರಿನ ಯಹೂದಿಗಳ ಹಳೆಯ ಬಟ್ಟೆ ಅಂಗಡಿ, ಈಗ ಹಲ್ಲಿನ ಕ್ಲಿನಿಕ್ ಆಗಿರುವ ಅವರ ಪ್ರಾರ್ಥನಾ ಮಂದಿರ, ಪುಟ್ಟ ಸ್ಮಶಾನ ಎಲ್ಲವನ್ನೂ ಮಕ್ಕಳು ಹುಡುಕಿ, ದೊಡ್ಡ ನಕ್ಷೆಯ ಮೇಲೆ ನೀಲಿ ಸ್ಟಿಕ್ಕರ್ ಅಂಟಿಸಿದ್ದರು. ಆ ಅಂಗಡಿಯವರ ಮೊಮ್ಮಗಳೇ ಮಿಸ್ ರೂತ್; ಅವರು ಈಗಿರುವ ಮನೆಗೂ ಒಂದು ಸ್ಟಿಕ್ಕರ್ ಇತ್ತು. ಮಕ್ಕಳನ್ನು ಮನೆಗೆ ಕರೆದು, ಕುಕೀಸ್ ಕೊಟ್ಟು, ಫೋಟೋ ತೋರಿಸಿ, ಕಥೆಯೆಲ್ಲ ಹೇಳಿದವರು ಅವರೇ.

"ಯಾಕೆ, ಮಿಸ್ ರೂತ್?" ಎಂದೆ.

"ಕಳೆದ ವಾರ ಯಾರೋ ನನ್ನ ಬಾಗಿಲಿಗೆ ಕೆಂಪು ಬಣ್ಣ ಎರಚಿ, ಯಹೂದಿಗಳ ಮೇಲೆ ಕೆಟ್ಟ ಮಾತು ಬರೆದು ಹೋದರು. ಸತ್ತವರ ಜಾಗ ಎಲ್ಲರಿಗೂ ಗೊತ್ತಾಗಲಿ. ನಾನಿನ್ನೂ ಬದುಕಿದ್ದೀನಲ್ಲ," ಎಂದರು.

ಅನನ್ಯಾ "ಐ ಆಮ್ ಸೋ ಸಾರಿ" ಎನ್ನುತ್ತಾ ಉಗುರಿನಿಂದ ಸ್ಟಿಕ್ಕರ್ ಕೆರೆದಳು. ಜೊತೆಗೆ ಕಾಗದವೂ ಕಿತ್ತು ಬಂತು. ಸ್ವಲ್ಪ ಹೊತ್ತಿಗೆ ಮೇಯರ್ ಬಂದರು. ನಮ್ಮದು ಎಲ್ಲರನ್ನೂ ಅಪ್ಪಿಕೊಂಡ ಊರು ಎಂದು ಭಾಷಣ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಮಿಸ್ ರೂತ್ ಕೂಡ ತಟ್ಟಿದರು.

ಪ್ರಾಜೆಕ್ಟಿಗೆ ಶಾಲೆಯಲ್ಲಿ ಬಹುಮಾನ ಬಂತು. ಮಗಳು ಅದನ್ನು ಮಿಸ್ ರೂತ್‌ಗೆ ಇನ್ನೂ ಹೇಳಿಲ್ಲ. ಯಾವ ಮುಖ ಇಟ್ಟುಕೊಂಡು ಹೇಳಲಿ ಎಂದು ಕೇಳುತ್ತಾಳೆ.