ಥಾಮಸೀನ್ ಹೇಳಿದ ಹೆಸರುಗಳು

ಥಾಮಸೀನಳ ಮಗ ಪ್ಯಾಸ್ಕೋ ಇಪ್ಪತ್ತೆರಡಕ್ಕೇ ಹೊಳೆಯ ಪಾಲಾದ. ಪಾದ್ರಿಯೆದುರು ತನ್ನ ಪಾಪಗಳನ್ನು ಒಪ್ಪಿಕೊಳ್ಳಲಿಕ್ಕೂ ಪುರುಸೊತ್ತು ಸಿಗಲಿಲ್ಲ. ಅಂಥ ಜೀವ ಸ್ವರ್ಗ ಸೇರುವ ಮೊದಲು ಶುದ್ಧಿಯ ಬೆಂಕಿಯಲ್ಲಿ ಬೇಯಬೇಕೆಂಬುದು ಊರಿನ ನಂಬಿಕೆ. ಬದುಕಿರುವವರು ಹೆಸರು ಹಿಡಿದು ಪ್ರಾರ್ಥಿಸಿದಷ್ಟೂ ಬೇಗ ಬಿಡುಗಡೆ. ಇಂಗ್ಲಿಷರ ನಾಡಿನ ಡೆವನ್ ಸೀಮೆಯ ಆ ಹಳ್ಳಿಯ ಇಗರ್ಜಿಯಲ್ಲಿ ಸತ್ತವರ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದದ್ದು ಅದಕ್ಕೇ. ಪೀಠದ ಬಟ್ಟೆ ಒಗೆದು ಬದುಕುವ ಆ ಹೆಂಗಸಿಗೆ ಮಗನಿಗಾಗಿ ಉಳಿದಿದ್ದದ್ದು ಅದೊಂದೇ.

ಹಳೆಯ ಆಚರಣೆಗಳನ್ನು ಅಳಿಸಲು ಹೊರಟ ರಾಜನ ಕಡೆಯವರು ಇಗರ್ಜಿಯಲ್ಲಿ ಮೇಣದಬತ್ತಿ ಬೇಡವೆಂದರು, ಸಹಿಸಿದಳು. ಸಂತರ ವಿಗ್ರಹ ಒಡೆದರು, ಅತ್ತು ಸುಮ್ಮನಾದಳು. ಕೊನೆಗೆ ಪಟ್ಟಿಯನ್ನೇ ಸುಟ್ಟರು. ಆದರೂ ಪಾದ್ರಿ ಹಂಫ್ರಿ ಲ್ಯಾಟಿನ್ ಪೂಜೆಯ ಗೊಣಗಾಟದ ನಡುವೆ ಒಂದಿಷ್ಟು ಹೆಸರುಗಳನ್ನು ಮೆಲ್ಲಗೆ ತೂರಿಸಿಬಿಡುತ್ತಿದ್ದರು. ಯಾವ ಅಧಿಕಾರಿಗೆ ಗೊತ್ತಾಗಬೇಕು? ಥಾಮಸೀನಳ ಕಿವಿಗೆ ಮಾತ್ರ ಮಗನ ಹೆಸರು ತಪ್ಪುತ್ತಿರಲಿಲ್ಲ.

ಪೆಂತೆಕೋಸ್ತ ಹಬ್ಬದ ಭಾನುವಾರ ರಾಜನ ಹೊಸ ಪೂಜಾಪುಸ್ತಕ ಬಂತು. ಎಲ್ಲವೂ ಇಂಗ್ಲಿಷಿನಲ್ಲಿ, ಎಲ್ಲರಿಗೂ ತಿಳಿಯುವಂತೆ. ಹೆಸರು ಅಡಗಿಸಲು ಸಂದಿಯೇ ಇಲ್ಲ. ಅವತ್ತು ಪ್ಯಾಸ್ಕೋನ ಹೆಸರು ಬರಲಿಲ್ಲ. ಸಂಜೆಯೊಳಗೆ ಅವಳು ಮನೆಮನೆಯ ಬಾಗಿಲು ತಟ್ಟಿದಳು.

ಸೋಮವಾರ ಬೆಳಿಗ್ಗೆ ಊರೆಲ್ಲ ಇಗರ್ಜಿಯೊಳಗೆ ನುಗ್ಗಿತು. ಅವಳೇ ಮುಂದೆ.

"ಗುರುಗಳೇ, ನನ್ ಮಗನ ಹೆಸರೆಲ್ಲಿ?"

"ಪಟ್ಟಿ ಸುಟ್ಟುಹೋಯ್ತಲ್ಲ ತಾಯಿ. ಈ ಪುಸ್ತಕದಲ್ಲಿ ಅದಕ್ಕೆ ಜಾಗ ಇಲ್ಲ. ರಾಜಾಜ್ಞೆ."

"ಯಾವ ರಾಜ? ಇನ್ನೂ ಮೀಸೆ ಚಿಗುರದ ಆ ಮಗೂನಾ? ಅದಕ್ಕೇನ್ ಗೊತ್ತು ಹೆತ್ತ ಕರುಳಿನ ಸಂಕಟ!"

ಜನ ಗೊಳ್ಳೆಂದರು. ಅವಳು ನಗಲಿಲ್ಲ. ಕಣ್ಣು ಮುಚ್ಚಿ ಶುರುಮಾಡಿದಳು: ಜೋನ್, ವಾಲ್ಟರ್, ಕಮ್ಮಾರ ಡಿಗೋರಿ, ಹೆರಿಗೆಯಲ್ಲಿ ಹೋದ ಐಸೊಟ್... ಅಕ್ಷರದ ಗಂಧವಿಲ್ಲದ ಹೆಂಗಸು ಮೂವತ್ತು ವರ್ಷ ಕೇಳಿದ ಪಟ್ಟಿಯನ್ನು ಒಂದೂ ಬಿಡದೆ ಹೇಳತೊಡಗಿದಳು! ಒಂದೊಂದು ಹೆಸರಿಗೂ ಯಾರೋ ಒಬ್ಬರು ಬಿಕ್ಕಿದರು, ಎಲ್ಲರೂ ಪ್ರಾರ್ಥಿಸಿದರು. ಕೊನೆಗೆ ಪ್ಯಾಸ್ಕೋ ಎಂದಳು. ಊರಿಗೆ ಊರೇ ಆ ಹೆಸರನ್ನು ಕೂಗಿತು, ಕಿಟಕಿಯ ಗಾಜು ಅದುರುವಂತೆ.

ಹಂಫ್ರಿ ಹೊಸ ಪುಸ್ತಕವನ್ನು ಮುಚ್ಚಿಟ್ಟರು. ಹಳೆಯ ಪೂಜಾವಸ್ತ್ರ ತೊಟ್ಟು ಲ್ಯಾಟಿನ್ನಿನಲ್ಲಿ ಪೂಜೆಗೆ ನಿಂತರು. ಈ ಸಲ ಗೊಣಗಲಿಲ್ಲ. ಅವಳು ಹೇಳಿದ ಹೆಸರುಗಳನ್ನೆಲ್ಲ ಎದೆಯುಬ್ಬಿಸಿ ಹೇಳಿದರು. ಹೊರಗೆ ಗಂಡಸರು ಕೊಡಲಿ, ಕವೆಗೋಲು ಹಿಡಿದು ಕಾವಲು ನಿಂತರು. ಅಕ್ಕಪಕ್ಕದ ಹಳ್ಳಿಗಳಿಂದ ಜನ ಬರತೊಡಗಿದ್ದರು.

ಪೂಜೆ ಮುಗಿಯುವಷ್ಟರಲ್ಲಿ ನ್ಯಾಯಾಧಿಕಾರಿಯ ಗುಮಾಸ್ತ ಬಾಗಿಲಲ್ಲಿ ಬಂದು ನಿಂತ. ಕಾಗದ ಬಿಚ್ಚಿ ಲೇಖನಿ ಹಿಡಿದ.

"ಇದನ್ನೆಲ್ಲ ಶುರುಮಾಡಿದ್ದು ಯಾರು? ಹೆಸರು ಹೇಳಿ!"

ಗಂಡಸರು ಮುಂದೆ ಬರುವ ಮೊದಲೇ ಅವಳು ಅವನೆದುರು ಹೋಗಿ ನಿಂತಳು.

"ನಾನು. ಥಾಮಸೀನ್. ಚೆನ್ನಾಗಿ ಬರ್ಕೊಳ್ಳಪ್ಪ. ನೀನು ಅದನ್ನ ಸುಟ್ಟರೂ ಪರವಾಗಿಲ್ಲ, ನಾನು ಸತ್ತ ಮೇಲೆ ಹೇಳೋಕೆ ಈ ಊರಿದೆ."