ಬಾವಿಯಜ್ಜಿಗೆ ಸಿಕ್ಕ ಪ್ರಮಾಣಪತ್ರ

ಆ ಪುಟ್ಟ ದ್ವೀಪದ ಸುತ್ತ ಕಣ್ಣು ಹಾಯಿಸಿದಲ್ಲೆಲ್ಲ ನೀರು, ಕುಡಿಯಲು ಮಾತ್ರ ಒಂದೇ ಬಾವಿ. ಅದನ್ನು ಮೂವತ್ತು ವರ್ಷದಿಂದ ಕಾಯುತ್ತಿದ್ದವಳಿಗೆ ಬಾವಿಯಜ್ಜಿ ಎಂದೇ ಹೆಸರಾಗಿತ್ತು. ದಿನಾ ಬೆಳಿಗ್ಗೆ ಮೊದಲ ಕೊಡದ ನೀರನ್ನು ನಾಲಿಗೆಗೆ ಹಚ್ಚಿ ನೋಡಿ, ಮನೆಗೆ ಎರಡೋ ಮೂರೋ ಕೊಡ ಎಂದು ಅವಳು ಹೇಳಿದರೆ ಮುಗಿಯಿತು. ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಬಂದು ಗೋಗರೆದರೂ ಮೇಲೊಂದು ತಂಬಿಗೆ ಸಿಗುತ್ತಿರಲಿಲ್ಲ. "ಮಳೆನೀರು ಮೇಲೆ, ಸಮುದ್ರ ಕೆಳಗೆ. ಜಾಸ್ತಿ ಸೇದಿದ್ರೆ ಕೆಳಗಿಂದು ಮೇಲೆ ಬರುತ್ತೆ" ಎನ್ನುವುದಷ್ಟೇ ಅವಳ ವಿದ್ಯೆ.

ಇದೇ ಮಾತನ್ನು ದ್ವೀಪದಲ್ಲೇ ಇದ್ದ ಜಲ ಸಂಶೋಧನಾ ಕೇಂದ್ರದ ನಿರ್ದೇಶಕರು ಗೋಡೆಯ ಮೇಲೆ ನಲವತ್ತು ಬಣ್ಣದ ಚಿತ್ರ ಮೂಡಿಸಿ ಹೇಳುತ್ತಿದ್ದರು. ಅದನ್ನು ಕೇಳಲೆಂದು ನಡುಬೇಸಿಗೆಯಲ್ಲಿ ಅರವತ್ತು ಮಂದಿ ವಿದ್ವಾಂಸರು ದೋಣಿ ಇಳಿದರು. ಜಲಸಂರಕ್ಷಣೆಯ ಬಗ್ಗೆ ಮೂರು ದಿನದ ಕಾರ್ಯಾಗಾರವಂತೆ. ಕೇಂದ್ರದ ಟ್ಯಾಂಕು ತುಂಬಬೇಕಲ್ಲ, ಬಾವಿಗೆ ಪಂಪು ಇಳಿಸಿದರು.

ಅಜ್ಜಿ ಅಡ್ಡ ನಿಂತಳು. "ಸಾರ್, ಮಳೆಗೆ ಇನ್ನೂ ಎರಡು ತಿಂಗಳಿದೆ. ಇದು ಹೋದ್ರೆ ನಮಗೆ ಬೇರೆ ಗತಿಯಿಲ್ಲ."

"ಅಯ್ಯೋ ಅಜ್ಜಿ, ನಾವಿರೋದೇ ನಿಮ್ಮ ನೀರು ಉಳಿಸೋಕೆ" ಎಂದು ನಿರ್ದೇಶಕರು ನಗುನಗುತ್ತಲೇ ಗುಂಡಿ ಒತ್ತಿದರು.

ವಿದ್ವಾಂಸರೋ ಮಹಾ ಮಡಿವಂತರು. ಬೆಳಿಗ್ಗೆ ಎದ್ದೊಡನೆ ಒಂದು ಸ್ನಾನ, ಸಮುದ್ರದಲ್ಲಿ ಆಡಿ ಬಂದ ಮೇಲೆ ಮೈಯ ಉಪ್ಪು ತೊಳೆಯಲು ಇನ್ನೊಂದು. ನಡುವೆ ನೀರಿನ ಮಿತಬಳಕೆಯ ಮೇಲೆ ಬಿಸಿಬಿಸಿ ಚರ್ಚೆ.

ಮೂರನೆಯ ಬೆಳಿಗ್ಗೆ ಅಜ್ಜಿ ನೀರು ಬಾಯಿಗಿಟ್ಟವಳೇ ಥೂ ಎಂದು ಉಗಿದಳು. ಒಂದು ಲೋಟ ತುಂಬಿಸಿಕೊಂಡು ಸೀದಾ ಸಭಾಂಗಣಕ್ಕೆ ನುಗ್ಗಿ ನಿರ್ದೇಶಕರ ಮುಂದೆ ಹಿಡಿದಳು.

"ಕುಡೀರಿ."

ಒಂದು ಗುಟುಕಿಗೇ ಅವರು ಮುಖ ಕಿವುಚಿದರು. ಮರುಕ್ಷಣ ಅದೇ ಮುಖ ಅರಳಿತು. "ಉಪ್ಪು! ಐದು ವರ್ಷದಿಂದ ಈ ಪುರಾವೆಗೇ ಕಾಯ್ತಾ ಇದ್ವಿ!"

ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು. ಕೇಂದ್ರದ ಸಂಶೋಧನಾ ಯೋಜನೆ ಇನ್ನೈದು ವರ್ಷ ನಡೆಯುವುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಲೋಟದ ನೀರನ್ನು ಸೀಸೆಗೆ ಹುಯ್ದು ಚೀಟಿ ಅಂಟಿಸಿದರು. ಅಜ್ಜಿಯ ಕೈಗೆ 'ಜಲರಕ್ಷಕಿ' ಎಂಬ ಪ್ರಮಾಣಪತ್ರ ತುರುಕಿ ಫೋಟೊ ತೆಗೆಸಿಕೊಂಡರು. ಅಜ್ಜಿಗೆ ಮೈಯೆಲ್ಲ ಉರಿದುಹೋಯಿತು, ಆದರೆ ಆ ಗದ್ದಲದಲ್ಲಿ ಅವಳ ಬೈಗುಳ ಕೇಳುವವರು ಯಾರು?

ಬಾವಿಕಟ್ಟೆಗೆ ಮರಳುವಾಗ ಕೊಡಗಳ ಸಾಲು ಬೆಳೆದಿತ್ತು. ಎಲ್ಲರಿಗಿಂತ ಮುಂದೆ ಅವಳ ಸೊಸೆ, ಕಂಕುಳಲ್ಲಿ ಹಸುಗೂಸು.

"ಅತ್ತೆ, ಮಗೂಗೆ ನೀರು ಕಾಯಿಸ್ಬೇಕು. ನಂಗೆ ಮೊದ್ಲು ಬಿಡಿ."

ಪಂಪು ಈಗ ನಿಲ್ಲಿಸಿದರೂ ಮಳೆ ಬೀಳುವ ತನಕ ಆ ನೀರು ಮತ್ತೆ ಸಿಹಿಯಾಗದೆಂದು ಅಜ್ಜಿಗೆ ಗೊತ್ತಿತ್ತು. ಎಷ್ಟೇ ಬಿಗಿ ಮಾಡಿದರೂ ಮೂವತ್ತು ವರ್ಷದಲ್ಲಿ ಒಬ್ಬರನ್ನೂ ಬರಿಗೊಡದಲ್ಲಿ ಕಳಿಸಿದವಳಲ್ಲ. ಸೊಸೆಯ ಕೊಡ ಇಸಿದುಕೊಂಡು, ಅವಳ ಮುಖ ನೋಡಲಾರದೆ, ಕಟ್ಟೆಯ ಮೇಲೆ ಬೋರಲು ಹಾಕಿದಳು.